ಹರಳಿನ ಭುಜ, ಬೆಳ್ಳಿಯ ಅಂಚು

ಕೈಗೆತ್ತಿಕೊಂಡ ಕೆಲಸ ಇಷ್ಟು: ಅಗೇಟ್ ಕಲ್ಲಿನ ಒರಟು ಹಲಗೆಯೊಂದರಿಂದ 25 ಮಿ.ಮೀ. ಉದ್ದ, 18 ಮಿ.ಮೀ. ಅಗಲದ ಅಂಡಾಕಾರದ ಹರಳನ್ನು ಸಾಣೆ ಹಿಡಿದು ತೆಗೆಯುವುದು, ಅದು ಕೂರಲು ಬೆಳ್ಳಿಯ ಮನೆ ಕಟ್ಟುವುದು, ಮನೆಯ ಸುತ್ತ ಒಂದು ಸಾಲು ಬೆಳ್ಳಿಯ ಗುಂಡುಗಳನ್ನು ಬೆಸೆಯುವುದು, ಸರಕ್ಕೆ ಪೋಣಿಸಲು ಮೇಲೊಂದು ಕೊಂಡಿ ಹಚ್ಚುವುದು. ಒಟ್ಟಿನಲ್ಲಿ ಒಂದು ಪದಕ. ಕಲ್ಲಿನ ಕೆಲಸ ಮತ್ತು ಬೆಳ್ಳಿಯ ಕೆಲಸ ಎರಡನ್ನೂ ಒಬ್ಬಳೇ ಮಾಡಬೇಕು ಎಂಬುದು ನಾನು ಹಾಕಿಕೊಂಡ ಷರತ್ತು.

ಈ ಷರತ್ತಿಗೆ ಕಾರಣವಿದೆ. ನಮ್ಮ ಕಡೆ ಈ ಎರಡು ವಿದ್ಯೆಗಳು ಬೇರೆ ಬೇರೆ ಕೈಗಳಲ್ಲಿವೆ. ಪತ್ತಾರರು ಹರಳನ್ನು ಸಿದ್ಧವಾಗಿ ಕೊಂಡು ತರುತ್ತಾರೆ. ಕಲ್ಲು ಕೊಯ್ಯುವವರು ತಮ್ಮ ಹರಳು ಎಂತಹ ಮನೆಯಲ್ಲಿ ಕೂರುತ್ತದೆ ಎಂದು ಕಾಣುವುದೇ ಇಲ್ಲ. ನನಗೆ ಬೆಳ್ಳಿಯ ಪಾಠ ಹೇಳುವವರು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯೊಂದರ ಹಿರಿಯ ಪತ್ತಾರರು. ಕಲ್ಲಿನ ಪಾಠ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಶೆಡ್ಡಿನಲ್ಲಿ, ಲೇತ್ ಕೆಲಸದಿಂದ ನಿವೃತ್ತರಾದ ಮಿಸ್ತ್ರಿಯೊಬ್ಬರ ಹತ್ತಿರ. ಶನಿವಾರ ಶಾಲೆ ಬಿಟ್ಟ ಮೇಲೆ ಧಾರವಾಡದಿಂದ ಚಿಗರಿ ಬಸ್ ಹಿಡಿದರೆ ಮಧ್ಯಾಹ್ನದ ಕಲ್ಲಿನ ತರಗತಿ ಸಿಗುತ್ತದೆ, ಭಾನುವಾರ ಬೆಳಿಗ್ಗೆ ಬೆಳ್ಳಿಯದು. ಒಂದು ವಿದ್ಯೆಯ ಅರ್ಧ ಉತ್ತರ ಇನ್ನೊಂದರ ಮೇಜಿನ ಮೇಲೆ ಇರುತ್ತದೆ ಎಂಬುದು ಈ ಪದಕ ಮಾಡುತ್ತ ಗೊತ್ತಾಯಿತು. ಅದನ್ನು ವಿವರವಾಗಿ ಬರೆದಿಡುವುದಕ್ಕಾಗಿಯೇ ಈ ದಾಖಲೆ.

ಯಾವ ಕಲ್ಲು

ಹರಳಿಗೆ ಬೇಕಾದ ಮೊದಲ ಗುಣ ಗಡಸುತನ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಕುರುಂದಕ್ಕೆ 9, ಅಗೇಟಿಗೆ ಆರೂವರೆಯಿಂದ 7. ಸಾಮಾನ್ಯ ಚಾಕುವಿನ ಉಕ್ಕು ಐದೂವರೆಯ ಆಸುಪಾಸು. ಗಾಳಿಯ ಧೂಳಿನಲ್ಲಿ ಬೆಣಚಿನ ಕಣಗಳು ಯಾವಾಗಲೂ ಇರುತ್ತವೆ, ಅವುಗಳ ಗಡಸುತನ 7. ಅದಕ್ಕಿಂತ ಬಹಳ ಮೆತ್ತಗಿನ ಕಲ್ಲನ್ನು ದಿನವೂ ಧರಿಸಿದರೆ ಕೆಲವೇ ವರ್ಷಗಳಲ್ಲಿ ಹೊಳಪು ಸವೆದು ಮಂಕಾಗುತ್ತದೆ.

ತರಗತಿಯಲ್ಲಿ ನನ್ನ ಜೊತೆ ಕಲಿಯುವ ಗದಗಿನ ಹುಡುಗನೊಬ್ಬ ಮೊದಲ ದಿನ ಚೀಲದ ತುಂಬ ತನ್ನ ಹೊಲದ ಬದುವಿನ ಕಲ್ಲುಗಳನ್ನು ತಂದಿದ್ದ. ಮಿಸ್ತ್ರಿ ಒಂದೊಂದನ್ನೂ ತೆಗೆದು ಹಳೆಯ ಗರಗಸದ ಬ್ಲೇಡಿನ ಮೂಲೆಯಿಂದ ಗೀರಿದರು. ಕಲ್ಲಿನ ಮೇಲೆ ಗೀರು ಬಿದ್ದರೆ ಅದು ಬದಿಗೆ. ಉಕ್ಕೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಉಳಿದರೆ ಅದು ಇಟ್ಟುಕೊಳ್ಳುವ ಕಲ್ಲು. ಹಸಿರು ಛಾಯೆಯ ನುಣುಪಾದ ತುಂಡೊಂದು ಉಗುರಿಗೇ ಪುಡಿ ಬಿಟ್ಟಿತು. ಲಕ್ಕುಂಡಿಯ ಗುಡಿಗಳ ಕಂಬಗಳನ್ನು ಕಡೆದದ್ದೂ ಇಂತಹ ಮೆತ್ತನೆಯ ಕಲ್ಲಿನ ಜಾತಿಯಲ್ಲಿಯೇ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಕಂಬಗಳನ್ನು ತಿರುಗಣಿಯಲ್ಲಿಟ್ಟು ಬಳೆಯಂತಹ ಅಂಚು ತೆಗೆಯಲು ಸಾಧ್ಯವಾದದ್ದು ಕಲ್ಲು ಮೆತ್ತಗಿದ್ದುದರಿಂದ. ಶಿಲ್ಪಕ್ಕೆ ವರವಾದ ಆ ಗುಣ ಕೊರಳ ಹರಳಿಗೆ ಒಗ್ಗುವುದಿಲ್ಲ. ಕೊನೆಗೆ ಹುಡುಗನ ಚೀಲದಿಂದ ಒಂದೇ ಕಲ್ಲು ಉಳಿಯಿತು: ಇಟ್ಟಿಗೆ ಕೆಂಪಿನ ಮೇಲೆ ಕಪ್ಪು ಗೆರೆಗಳಿದ್ದ ಗಟ್ಟಿ ತುಂಡು.

ಗದಗಿನ ಸುತ್ತ ಇಂತಹ ಕಲ್ಲು ಸಿಗುವುದು ಸಹಜ. ಕಬ್ಬಿಣದ ಅಂಶವಿರುವ ಪಟ್ಟೆ ಪಟ್ಟೆಯ ಬೆಣಚು ಶಿಲೆ ಆ ಗುಡ್ಡಸಾಲಿನ ಬೆನ್ನೆಲುಬು. ಧಾರವಾಡ ಶಿಲಾಸ್ತೋಮ ಎಂಬ ಹೆಸರು ಭೂವಿಜ್ಞಾನಕ್ಕೆ ಬಂದದ್ದು ನಮ್ಮ ಊರಿನಿಂದ. ಕೊಟ್ಟವರು 19ನೇ ಶತಮಾನದಲ್ಲಿ ಇಲ್ಲಿ ಸರ್ವೆ ಮಾಡಿದ ರಾಬರ್ಟ್ ಬ್ರೂಸ್ ಫೂಟ್. ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಾಲಗಾರರ ಬಗ್ಗೆಯೂ ಆ ಕಾಲದ ಬರಹಗಳು ಹೇಳುತ್ತವೆ. ಆದರೆ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಕಲ್ಲು ಎತ್ತಿಕೊಂಡು ಬರುವಂತಿಲ್ಲ, ಬರಲೂ ಬಾರದು. ಇದನ್ನು ಮಿಸ್ತ್ರಿ ಪ್ರತಿ ಹೊಸ ತಂಡಕ್ಕೂ ಮೊದಲ ದಿನವೇ ಹೇಳುತ್ತಾರೆ. ಸ್ವಂತ ಹೊಲದ ಕಲ್ಲು ಅಥವಾ ದುಡ್ಡು ಕೊಟ್ಟು ತಂದ ಕಲ್ಲು, ಇವೆರಡೇ ಶೆಡ್ಡಿನೊಳಗೆ ಬರುತ್ತವೆ.

ನನ್ನದು ದುಡ್ಡು ಕೊಟ್ಟು ತಂದದ್ದು. ಗುಜರಾತಿನ ಖಂಭಾತದ ವ್ಯಾಪಾರಿಗಳಿಂದ ಮಿಸ್ತ್ರಿ ತರಿಸಿದ್ದ ಅಗೇಟ್ ಹಲಗೆ, ಪೇಟೆಯ ಮಾತಿನಲ್ಲಿ ಹಕೀಕ್. ಬಸಾಲ್ಟ್ ಶಿಲೆಯೊಳಗೆ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಳ್ಳುಗಳಲ್ಲಿ ಸಿಲಿಕಾ ಪದರ ಪದರವಾಗಿ ತುಂಬಿಕೊಂಡು ಅಗೇಟ್ ಆಗುತ್ತದೆ. ಹಾಲುಬಿಳುಪು, ಬೂದು, ತೆಳುಗಂದು ಪಟ್ಟೆಗಳು ಒಂದರೊಳಗೊಂದು ಸುತ್ತಿಕೊಂಡಿದ್ದ ಹಲಗೆಯನ್ನು ಆರಿಸಿದೆ.

ಆರಿಸಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಹಲಗೆಯನ್ನು ನೀರಿನಲ್ಲಿ ಅದ್ದಿ ತೆಗೆದು ಬಟ್ಟೆಯಿಂದ ಒರೆಸಿ ನೋಡುತ್ತಿರಬೇಕು. ಮೇಲ್ಮೈ ಒಣಗಿದ ಮೇಲೂ ಎಲ್ಲಿ ಕೂದಲೆಳೆಯಷ್ಟು ಒದ್ದೆ ಗೆರೆ ಉಳಿಯುತ್ತದೋ ಅಲ್ಲಿ ಬಿರುಕಿದೆ. ನಂತರ ಮೊಬೈಲಿನ ಟಾರ್ಚನ್ನು ಹಲಗೆಯ ಹಿಂದೆ ಹಿಡಿದು ಅದೇ ಗೆರೆ ಒಳಗೆ ಎಷ್ಟು ದೂರ ಹೋಗಿದೆ ಎಂದು ನೋಡಬೇಕು. ನನ್ನ ಹಲಗೆಯ ಅತಿ ಸುಂದರ ಭಾಗದ ನಡುವೆಯೇ ಅಂತಹ ಗೆರೆ ಹಾದಿತ್ತು. ಅದನ್ನು ಬಿಟ್ಟು, ಪಟ್ಟೆಗಳು ತುಸು ಓರೆಯಾಗಿ ಸಾಗುವ ಕಡೆಗೆ ಅಂಡಾಕಾರದ ಅಚ್ಚನ್ನು ಸರಿಸಿದೆವು. ಈಗ ನೋಡಿದರೆ ಆ ಓರೆಯೇ ಪದಕಕ್ಕೆ ಕಳೆ ಕೊಟ್ಟಿದೆ.

ಸಾಣೆ

ಗುರುತು ಹಾಕಲು ಪೆನ್ನು ಬೇಡ, ನೀರು ಬಿದ್ದೊಡನೆ ಅಳಿಸಿ ಹೋಗುತ್ತದೆ. ಅಲ್ಯೂಮಿನಿಯಂ ತಂತಿಯ ತುದಿಯನ್ನು ಚೂಪು ಮಾಡಿ ಗೀರಿದರೆ ಬೆಳ್ಳಿಬಣ್ಣದ ಗೆರೆ ಕೊನೆಯವರೆಗೂ ನಿಲ್ಲುತ್ತದೆ.

ಕಲ್ಲು ಕೊಯ್ಯುವ ಗರಗಸಕ್ಕೆ ಹಲ್ಲುಗಳಿಲ್ಲ. ತೆಳುವಾದ ಲೋಹದ ಬಿಲ್ಲೆಯ ಅಂಚಿನಲ್ಲಿ ವಜ್ರದ ಪುಡಿ ಕೂರಿಸಿರುತ್ತಾರೆ. ಅದು ಕಲ್ಲನ್ನು ಸೀಳುವುದಿಲ್ಲ, ಸವೆಸುತ್ತ ಹೋಗುತ್ತದೆ. ಆದ್ದರಿಂದ ಒತ್ತಡಕ್ಕಿಂತ ತಾಳ್ಮೆ ಹೆಚ್ಚು ಬೇಕು. ಬಿಲ್ಲೆಯ ಕೆಳಭಾಗ ಸದಾ ನೀರಿನಲ್ಲಿ ಮುಳುಗಿರಬೇಕು. ಗೆರೆಯ ಹೊರಗೆ ಒಂದೆರಡು ಮಿ.ಮೀ. ಬಿಟ್ಟು ನೇರ ನೇರ ಕೊಯ್ತಗಳಲ್ಲಿ ಮೂಲೆಗಳನ್ನು ತೆಗೆದರೆ ಬಹುಭುಜಾಕೃತಿಯ ತುಂಡು ಸಿಗುತ್ತದೆ. ಮುಂದಿನದು ಸಾಣೆಚಕ್ರದ ಕೆಲಸ.

ನೀರಿನ ವಿಷಯದಲ್ಲಿ ಮಿಸ್ತ್ರಿ ಯಾರಿಗೂ ವಿನಾಯಿತಿ ಕೊಡುವುದಿಲ್ಲ, ಕೊಡಬಾರದು ಎಂದು ನನಗೂ ಬಲವಾಗಿ ಅನಿಸುತ್ತದೆ. ಅಗೇಟ್ ಎಂದರೆ ಸಿಲಿಕಾ. ಅದರ ಒಣ ಧೂಳು ಶ್ವಾಸಕೋಶದ ಆಳಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ; ಬಂದ ಮೇಲೆ ವಾಸಿಯಾಗದ ಕಾಯಿಲೆ ಅದು. ಖಂಭಾತದಲ್ಲಿ ಮನೆ ಮನೆಗಳಲ್ಲಿ ಒಣ ಸಾಣೆ ಹಿಡಿದ ಅಗೇಟ್ ಕೆಲಸಗಾರರು ತಲೆಮಾರುಗಳಿಂದ ಇದಕ್ಕೆ ಬಲಿಯಾಗಿದ್ದಾರೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿತ್ತು, ಆದರೆ ಮನೆಯ ಪಡಸಾಲೆಯಲ್ಲಿ ಕೂತು ದುಡಿಯುವವರನ್ನು ಆ ಕಾಯ್ದೆ ಮುಟ್ಟುವುದು ಕಷ್ಟವಾಗಿತ್ತು. ನಾವು ಹವ್ಯಾಸಕ್ಕಾಗಿ ಕೊಳ್ಳುವ ಅಗ್ಗದ ಮಣಿಗಳ ಹಿಂದೆ ಈ ಸಂಗತಿ ಇದೆ. ಶೆಡ್ಡಿನಲ್ಲಿ ನೀರಿನ ಕೊಳವೆ ಪ್ರತಿ ಚಕ್ರದ ಮೇಲೂ ಇಳಿಬಿದ್ದಿದೆ, ಮುಖಕ್ಕೆ ಕಣ ಸೋಸುವ ಮಾಸ್ಕ್ ಇದೆ, ಕೆಲಸ ಮುಗಿದ ಮೇಲೆ ಕೆಸರನ್ನು ಒಣಗಲು ಬಿಡದೆ ಒದ್ದೆಯಿದ್ದಾಗಲೇ ಬಳಿದು ತೆಗೆಯುತ್ತೇವೆ. ನೀರು ಮತ್ತು ವಿದ್ಯುತ್ ಒಂದೇ ಜಾಗದಲ್ಲಿ ಇರುವುದರಿಂದ ಮೋಟಾರಿನ ಸಂಪರ್ಕಕ್ಕೆ ವಿದ್ಯುತ್ ಸೋರಿಕೆ ತಡೆಯುವ ಸ್ವಿಚ್ ಹಾಕಿದ್ದಾರೆ. ಮನೆಯಲ್ಲಿ ಇಂತಹ ಯಂತ್ರ ಕಟ್ಟಿಕೊಳ್ಳುವವರು ಮೊದಲು ಆ ಸ್ವಿಚ್ಚನ್ನು ಕೊಳ್ಳಲಿ, ಚಕ್ರ ಆಮೇಲೆ.

ತುಂಡು ಸಣ್ಣದಾದಂತೆ ಬೆರಳಿನಲ್ಲಿ ಹಿಡಿಯುವುದು ಕಷ್ಟ. ಪೆನ್ಸಿಲ್ ಗಾತ್ರದ ಕಡ್ಡಿಯ ತುದಿಗೆ ಅರಗು ಹಚ್ಚಿ ಅದಕ್ಕೆ ಕಲ್ಲನ್ನು ಅಂಟಿಸುತ್ತೇವೆ. ಇಲ್ಲಿ ಅವಸರಿಸುವಂತಿಲ್ಲ. ತಣ್ಣನೆಯ ಅಗೇಟಿಗೆ ಒಮ್ಮೆಗೇ ಬಿಸಿ ತಗುಲಿದರೆ ಅದು ಒಳಗೊಳಗೇ ಸೀಳುತ್ತದೆ. ಕಲ್ಲನ್ನು ತವೆಯ ಮೇಲೆ ಮರಳಿನಲ್ಲಿ ಇಟ್ಟು ನಿಧಾನ ಬೆಚ್ಚಗೆ ಮಾಡಿ, ಅರಗು ಮೆತ್ತಗಾದಾಗ ಕೂರಿಸಿ, ತಾನಾಗಿ ಆರಲು ಬಿಡಬೇಕು.

ಚಕ್ರಗಳ ಸಾಲು 80ರಿಂದ ಶುರು: 80, 220, 600, 1200, 3000. ಅಂಕಿ ಹೆಚ್ಚಿದಷ್ಟೂ ಕಣ ನುಣುಪು. ಗುಮ್ಮಟದ ಆಕಾರ 80 ಮತ್ತು 220ರಲ್ಲಿಯೇ ಪೂರ್ತಿಯಾಗಬೇಕು. ಮುಂದಿನ ಚಕ್ರಗಳು ಆಕಾರ ಕೊಡುವುದಿಲ್ಲ, ಹಿಂದಿನ ಚಕ್ರದ ಗೀರುಗಳನ್ನು ಅಳಿಸುತ್ತವೆ ಅಷ್ಟೇ. ನನಗೆ ಹೆಚ್ಚು ಉಪಯೋಗಕ್ಕೆ ಬಂದ ಅಭ್ಯಾಸವೆಂದರೆ ಪ್ರತಿ ಹಂತದಲ್ಲೂ ಕಲ್ಲನ್ನು ಪೂರ್ತಿ ಒರೆಸಿ ಒಣಗಿಸಿ, ಕಿಟಕಿಯ ಓರೆ ಬೆಳಕಿನಲ್ಲಿ ತಿರುಗಿಸಿ ನೋಡುವುದು. ಒದ್ದೆ ಕಲ್ಲು ಯಾವಾಗಲೂ ಹೊಳೆಯುತ್ತದೆ, ಗೀರುಗಳನ್ನು ನೀರು ಮುಚ್ಚಿಬಿಡುತ್ತದೆ. 600ರ ಚಕ್ರದಲ್ಲಿ ಉಳಿದ ಒಂದೇ ಒಂದು ಗೀರು 3000ದ ನಂತರ ಹೊಳಪಿನ ನಡುವೆ ಎದ್ದು ಕಾಣುತ್ತದೆ. ಆಗ ಮತ್ತೆ 600ಕ್ಕೆ ಇಳಿಯುವುದೊಂದೇ ದಾರಿ. ಕೊನೆಯ ಹೊಳಪು ಸೀರಿಯಂ ಆಕ್ಸೈಡ್ ಪುಡಿಯದು: ನೀರಿನಲ್ಲಿ ಕಲಸಿ ತೊಗಲಿನ ಬಿಲ್ಲೆಗೆ ಸವರಿ ಒತ್ತಿ ಹಿಡಿದರೆ, ಬಿಲ್ಲೆ ಒಣಗುತ್ತ ಬಂದು ಕಲ್ಲನ್ನು ಎಳೆಯಲು ಶುರುಮಾಡಿದಾಗ ಹೊಳಪು ಬರುತ್ತದೆ.

ಇಷ್ಟಕ್ಕೆ ಹರಳು ಮುಗಿಯಿತು ಎಂದು ಪುಸ್ತಕಗಳು ಹೇಳುತ್ತವೆ. ಪತ್ತಾರರು ಹಾಗೆ ಹೇಳಲಿಲ್ಲ.

ಭುಜ

ಹೊಳಪು ಕೊಡುವ ಮೊದಲೇ, 220ರ ಹಂತದಲ್ಲಿದ್ದ ಕಲ್ಲನ್ನು ನಾನು ಭಾನುವಾರ ಪತ್ತಾರರ ಮುಂದೆ ಇಟ್ಟಿದ್ದೆ. ಅವರು ಅದರ ಗುಮ್ಮಟವನ್ನು ನೋಡಲೇ ಇಲ್ಲ. ಮಗ್ಗುಲಿಗೆ ತಿರುಗಿಸಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು.

"ಅಕ್ಕಾವರೇ, ಇದರ ಗೋಡೆ ನೆಟ್ಟಗೆ ನಿಂತಿದೆ. ನನ್ನ ಬೆಳ್ಳಿ ಯಾವುದರ ಮೇಲೆ ಮಲಗಬೇಕು?"

ಮನೆಯ ಅಂಚು ಹರಳನ್ನು ಹಿಡಿಯುವುದು ಅಂಟಿನಿಂದಲ್ಲ, ಒರಗುವುದರಿಂದ. ಸುತ್ತಲಿನ ತೆಳುವಾದ ಬೆಳ್ಳಿಯ ಪಟ್ಟಿಯನ್ನು ಒಳಮುಖವಾಗಿ ಒತ್ತಿದಾಗ ಅದು ಕಲ್ಲಿನ ಇಳಿಜಾರಿನ ಮೇಲೆ, ಅಂದರೆ ಹರಳಿನ ಭುಜದ ಮೇಲೆ ಮಲಗಬೇಕು. ಹರಳಿನ ಗೋಡೆ ಬುಡದಿಂದ ನೇರವಾಗಿ ಎದ್ದು ಆಮೇಲೆ ತಟ್ಟನೆ ಬಾಗಿದರೆ, ಪಟ್ಟಿ ಆ ಮೂಲೆಯವರೆಗೂ ಎತ್ತರವಾಗಬೇಕು, ಬಾಗಿಸುವಾಗ ಹೆಚ್ಚುವರಿ ಬೆಳ್ಳಿ ಸುಕ್ಕುಗಟ್ಟುತ್ತದೆ. ಗೋಡೆ ಬುಡದಿಂದಲೇ ಹತ್ತು ಹದಿನೈದು ಡಿಗ್ರಿಯಷ್ಟು ಒಳಕ್ಕೆ ವಾಲಿದ್ದರೆ ಕಡಿಮೆ ಎತ್ತರದ ಪಟ್ಟಿಯೇ ಬಿಗಿಯಾಗಿ ಹಿಡಿಯುತ್ತದೆ. ಅದು ತಿರುವುಮುರುವಾಗಿ, ಬುಡ ಕಿರಿದು ಮೇಲೆ ಅಗಲವಾಗಿದ್ದರೆ ಅಂತಹ ಹರಳನ್ನು ಪತ್ತಾರರು ವಾಪಸು ಕಳಿಸುತ್ತಾರೆ.

ಎರಡನೆಯದು ಬುಡದ ಅಂಚು. ಪಟ್ಟಿಯನ್ನು ತಳದ ತಗಡಿಗೆ ಬೆಸೆದಾಗ ಒಳಮೂಲೆಯಲ್ಲಿ ಬೆಸುಗೆ ತುಸು ನಿಂತು ಸಣ್ಣ ದಿಂಡಾಗುತ್ತದೆ. ಹರಳಿನ ಬುಡ ಚೂಪಾಗಿದ್ದರೆ ಅದು ಈ ದಿಂಡಿನ ಮೇಲೆ ಕೂತು ಅಲುಗಾಡುತ್ತದೆ. ಒತ್ತಿದರೆ ಅಂಚು ಚಕ್ಕೆ ಏಳುತ್ತದೆ. ಬುಡದ ಸುತ್ತ ಅರ್ಧ ಮಿ.ಮೀ.ನಷ್ಟು ಓರೆ ಹೊಡೆದರೆ ಎರಡೂ ತೊಂದರೆ ತಪ್ಪುತ್ತವೆ.

ಮುಂದಿನ ಶನಿವಾರ ಇದನ್ನು ಮಿಸ್ತ್ರಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಒಂದು ಮರದ ತುಂಡನ್ನು ಹದಿನೈದು ಡಿಗ್ರಿಗೆ ಕೊಯ್ದು ಚಕ್ರದ ಮುಂದೆ ಕಟ್ಟಿದರು. ಕಡ್ಡಿಯನ್ನು ಅದಕ್ಕೆ ಒರಗಿಸಿ ತಿರುಗಿಸಿದರೆ ಹರಳಿನ ಸುತ್ತಲೂ ಒಂದೇ ಇಳಿಜಾರು ಬರುತ್ತದೆ. ಗುಮ್ಮಟದ ಎತ್ತರ 6 ಮಿ.ಮೀ.ಗೆ ನಿಂತಿತು. ವರ್ನಿಯರ್ ಹಿಡಿದು ನೋಡಿದರೆ ಬುಡದ ಅಳತೆ 18ಕ್ಕೆ 25, ಮಿ.ಮೀ.ನ ಹತ್ತನೇ ಒಂದು ಭಾಗದೊಳಗೆ. ಇಷ್ಟು ವರ್ಷ ಕಲ್ಲು ಕೊಯ್ದವರಿಗೆ ಈ ಇಳಿಜಾರಿನ ಅಗತ್ಯವನ್ನು ಯಾರೂ ಹೇಳಿರಲಿಲ್ಲ, ಏಕೆಂದರೆ ಹೇಳಬೇಕಾದವರು ಐದಾರು ಕಿಲೋಮೀಟರ್ ದೂರದ ಇನ್ನೊಂದು ಓಣಿಯಲ್ಲಿ ಕೂತಿದ್ದರು.

ಬೆಳ್ಳಿ

ಪತ್ತಾರರು ಹೊಸಬರ ಕೈಗೆ ಬೆಳ್ಳಿ ಕೊಡುವುದಿಲ್ಲ. ಮೊದಲು ಇಡೀ ಮನೆಯನ್ನು ತಾಮ್ರದಲ್ಲಿ ಕಟ್ಟಿ ತೋರಿಸಬೇಕು. ಬೆಳ್ಳಿಯ ದರ ಈಗಿರುವಾಗ ಅದು ನ್ಯಾಯವೇ. ತಾಮ್ರ ಬೇಗ ಕಪ್ಪಾಗುತ್ತದೆ, ಬೆಸುಗೆ ಅದರ ಮೇಲೆ ಬಿಳಿ ಗೆರೆಯಾಗಿ ಕಾಣುತ್ತದೆ. ಬೆಸುಗೆ ಎಲ್ಲಿ ಹರಿದಿದೆ, ಎಲ್ಲಿ ನಿಂತುಬಿಟ್ಟಿದೆ ಎಂಬುದನ್ನು ಕಣ್ಣಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಲೋಹವಿಲ್ಲ.

ಪಟ್ಟಿಗೆ ಶುದ್ಧ ಬೆಳ್ಳಿ, 0.3 ಮಿ.ಮೀ. ದಪ್ಪ, 3 ಮಿ.ಮೀ. ಎತ್ತರ. ಶುದ್ಧ ಬೆಳ್ಳಿ ಮೆತ್ತಗಿರುವುದರಿಂದ ಕಲ್ಲಿನ ಮೇಲೆ ಸುಲಭವಾಗಿ ಒರಗುತ್ತದೆ. ತಳಕ್ಕೆ 925ರ ಬೆಳ್ಳಿ, ಅಂದರೆ ಸಾವಿರದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ದಪ್ಪ ಅರ್ಧ ಮಿ.ಮೀ. ಪಟ್ಟಿಯ ಉದ್ದದ ಲೆಕ್ಕ ಹೀಗೆ: ಹರಳಿನ ಉದ್ದ ಅಗಲಗಳ ಸರಾಸರಿ 21.5, ಅದಕ್ಕೆ ತಗಡಿನ ದಪ್ಪ 0.3 ಸೇರಿಸಿ 3.14ರಿಂದ ಗುಣಿಸಿದರೆ ಸುಮಾರು 68.5 ಮಿ.ಮೀ. ಅಂಡಾಕಾರಕ್ಕೆ ಈ ಲೆಕ್ಕ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ಆದ್ದರಿಂದ 70ಕ್ಕೆ ಕತ್ತರಿಸಿ ಅರದಿಂದ ಇಳಿಸುತ್ತ ಬಂದೆ.

ಎರಡು ತುದಿಗಳು ಸೇರುವ ಜಾಗದಲ್ಲಿಯೇ ಹೆಚ್ಚು ಸಮಯ ಹೋಯಿತು. ತುದಿಗಳನ್ನು ಜೋಡಿಸಿ ದೀಪಕ್ಕೆ ಹಿಡಿದಾಗ ಬೆಳಕು ತೂರಿ ಬಂದರೆ ಮತ್ತೆ ಅರ ಹಿಡಿಯಬೇಕು. ಬೆಸುಗೆ ಸಂದನ್ನು ತುಂಬುವ ಮಣ್ಣಲ್ಲ. ಎರಡು ಲೋಹಗಳು ತಾಗಿಕೊಂಡಿರುವ ಕಡೆಯಲ್ಲಿ ಮಾತ್ರ ಅದು ತಾನಾಗಿ ಒಳಗೆ ಎಳೆದುಕೊಂಡು ಹರಿಯುತ್ತದೆ.

ಬಿಳಿಗಾರದ ಗಟ್ಟಿಯನ್ನು ಒರಟು ಕಲ್ಲಿನ ಮೇಲೆ ನಾಲ್ಕು ಹನಿ ನೀರಿನಲ್ಲಿ ತೇಯ್ದು ಹಾಲಿನಂತಹ ದ್ರವ ಮಾಡಿಕೊಂಡು ಹಕ್ಕಿಯ ಗರಿಯ ತುದಿಯಿಂದ ಹಚ್ಚುತ್ತಾರೆ. ಗಾಳಿಯ ಆಮ್ಲಜನಕ ಲೋಹವನ್ನು ಮುಟ್ಟದಂತೆ ಅದು ಕಾಯುತ್ತದೆ. ಬಿಸಿ ತಗುಲಿದಾಗ ಬಿಳಿಗಾರ ಮೊದಲು ನೀರು ಬಿಟ್ಟು ಉಬ್ಬುತ್ತದೆ, ಆಮೇಲೆ ಕುಸಿದು ಗಾಜಿನಂತೆ ತಿಳಿಯಾಗುತ್ತದೆ. ತಿಳಿಯಾದರೆ ಬೆಸುಗೆಗೆ ಇನ್ನು ಬಹಳ ದೂರವಿಲ್ಲ ಎಂದು ಅರ್ಥ.

ಬೆಂಕಿಯ ಪಾಠದ ದಿನ ಪತ್ತಾರರು ಟ್ಯೂಬ್‌ಲೈಟ್ ಆರಿಸಿದರು. ಹಗಲು ಬೆಳಕಿನಲ್ಲಿ ಬೆಳ್ಳಿಯ ಬಣ್ಣ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ಅದು ಮಾಸಲು ಕೆಂಪಾಗುವುದು ಸುಮಾರು 600 ಡಿಗ್ರಿ ದಾಟಿದಾಗ. ತಗಡನ್ನು ಹದ ಮಾಡಲು ಅಷ್ಟು ಸಾಕು. ಬೆಸುಗೆ ಹರಿಯಲು ಅದರ ಬಗೆಗೆ ತಕ್ಕಂತೆ ಸುಮಾರು 700ರಿಂದ 780 ಬೇಕು. 925ರ ಬೆಳ್ಳಿ 800ರ ಹೊತ್ತಿಗೆ ಕರಗತೊಡಗುತ್ತದೆ, ಶುದ್ಧ ಬೆಳ್ಳಿ ಕರಗುವುದು 962ಕ್ಕೆ. ಬೆಸುಗೆ ಹರಿಯುವುದಕ್ಕೂ ತಳದ ತಗಡೇ ಕುಸಿಯುವುದಕ್ಕೂ ನಡುವೆ ಎಷ್ಟು ಕಿರಿದಾದ ಜಾಗವಿದೆ ಎಂಬುದು ಈ ಅಂಕಿಗಳಿಂದ ಗೊತ್ತಾಗುತ್ತದೆ. ಆ ಜಾಗವನ್ನು ಹಿಡಿಯುವುದು ಕಣ್ಣು, ಮತ್ತು ಕಣ್ಣಿಗೆ ಅದನ್ನು ಕಲಿಸಲು ಪಕ್ಕದಲ್ಲಿ ಒಬ್ಬರು ಕೂತು "ಈಗ, ಈಗ ತೆಗೆಯಿರಿ" ಎಂದು ಹೇಳಬೇಕು. ವಿಡಿಯೊಗಳಲ್ಲಿ ಈ ಬಣ್ಣ ಸರಿಯಾಗಿ ಬರುವುದಿಲ್ಲ. ಕ್ಯಾಮೆರಾ ತನಗೆ ಬೇಕಾದಂತೆ ಬೆಳಕನ್ನು ಹೊಂದಿಸಿಕೊಂಡುಬಿಡುತ್ತದೆ.

ಇನ್ನೊಂದು ಮಾತು. ಬೆಳ್ಳಿ ಎಲ್ಲ ಲೋಹಗಳಿಗಿಂತ ಚೆನ್ನಾಗಿ ಶಾಖವನ್ನು ಹರಡುತ್ತದೆ. ಜೋಡಣೆಯ ಜಾಗಕ್ಕೆ ಮಾತ್ರ ಜ್ವಾಲೆ ಹಿಡಿದರೆ ಶಾಖವೆಲ್ಲ ಉಳಿದ ಭಾಗಕ್ಕೆ ಓಡಿಹೋಗುತ್ತದೆ. ಇಡೀ ಒಡವೆಯನ್ನು ಒಟ್ಟಿಗೆ ಬಿಸಿ ಮಾಡಬೇಕು. ಪಟ್ಟಿಯನ್ನು ತಳಕ್ಕೆ ಬೆಸೆಯುವಾಗ ಜ್ವಾಲೆ ತಳದ ತಗಡಿನ ಸುತ್ತ, ಸಾಧ್ಯವಾದರೆ ಕೆಳಗಿನಿಂದ. ತೆಳುವಾದ ಪಟ್ಟಿ ಮೊದಲು ಬಿಸಿಯಾಗಿಬಿಟ್ಟರೆ ಬೆಸುಗೆ ತಳವನ್ನು ಬಿಟ್ಟು ಪಟ್ಟಿಯ ಮೇಲೆ ಏರುತ್ತದೆ. ಬೆಸುಗೆ ಶಾಖವಿರುವ ಕಡೆಗೆ ಹೋಗುತ್ತದೆ, ನಾವು ಬಯಸಿದ ಕಡೆಗಲ್ಲ.

ಪತ್ತಾರರು ಬಳಸುವುದು ಕ್ಯಾಡ್ಮಿಯಂ ಇಲ್ಲದ ಬೆಸುಗೆ. ಒಂದು ಕಾಲಕ್ಕೆ ಈ ಓಣಿಯಲ್ಲೆಲ್ಲ ಕ್ಯಾಡ್ಮಿಯಂ ಬೆಸುಗೆಯೇ ನಡೆಯುತ್ತಿತ್ತು. ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು.

ಪ್ರತಿ ಬೆಸುಗೆಯ ನಂತರ ಒಡವೆಯನ್ನು ಬೆಚ್ಚನೆಯ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲ) ನೀರಿನಲ್ಲಿ ಬಿಟ್ಟು, ಕರಿ ಮತ್ತು ಬಿಳಿಗಾರದ ಗಾಜು ಬಿಡುವವರೆಗೆ ಕಾಯುತ್ತೇವೆ. ಆ ನೀರಿಗೆ ಕಬ್ಬಿಣದ ಚಿಮುಟ ಹಾಕುವಂತಿಲ್ಲ. ಹಾಕಿದರೆ ನೀರಿನಲ್ಲಿ ಕರಗಿರುವ ತಾಮ್ರ ಬೆಳ್ಳಿಯ ಮೇಲೆ ಕೆಂಪಾಗಿ ಕೂರುತ್ತದೆ. ಬಿದಿರಿನ ಚಿಮುಟ ಅಥವಾ ತಾಮ್ರದ್ದು.

ತಳದ ನಡುವೆ ಗರಗಸದಿಂದ ಸಣ್ಣ ಅಂಡಾಕಾರದ ಕಿಂಡಿ ತೆಗೆದೆ. ತೂಕ ಕಡಿಮೆಯಾಗುತ್ತದೆ, ಅಗೇಟಿನ ಹಿಂದಿನಿಂದ ಬೆಳಕು ಬರುತ್ತದೆ, ಹರಳು ಒಳಗೆ ಸಿಕ್ಕಿಕೊಂಡರೆ ಹಿಂದಿನಿಂದ ತಳ್ಳಿ ತೆಗೆಯಬಹುದು. ಹರಳನ್ನು ಮನೆಯಲ್ಲಿಟ್ಟು ಅಳತೆ ನೋಡುವಾಗ ಕೆಳಗೆ ಒಂದು ದಾರ ಹಾಸಿಟ್ಟರೆ ಆ ತಳ್ಳುವ ಕೆಲಸವೂ ಬೇಡ.

ಗುಂಡುಗಳು

ಹರಳಿನ ಸುತ್ತ ಗುಂಡಿನ ಸಾಲು ಬೇಕೆಂಬ ಆಸೆ ಹುಟ್ಟಿದ್ದು ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ನಿಂತಾಗ. ಕಲ್ಲಿನಲ್ಲಿ ಕಡೆದ ಮಣಿಸಾಲುಗಳು ಅಲ್ಲಿ ಒಂದರ ಪಕ್ಕ ಒಂದು ಇಳಿಯುತ್ತವೆ. ಲೊಕ್ಕಿಗುಂಡಿ ಎಂದಿದ್ದ ಕಾಲದಲ್ಲಿ ಅದು ಟಂಕಸಾಲೆಯಿದ್ದ ಊರು. ಲೊಕ್ಕಿ ಗದ್ಯಾಣವೆಂಬ ಚಿನ್ನದ ನಾಣ್ಯ ಅಲ್ಲಿಯದು. ಕಲ್ಲು ಕಡೆಯುವವರೂ ಚಿನ್ನ ಕರಗಿಸುವವರೂ ಇದ್ದ ಊರಿನಲ್ಲಿ ಆ ಮಣಿಸಾಲು ಮೂಡಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಗುಂಡು ಮಾಡುವುದು ಸುಲಭ, ನೋಡಲು ಸೊಗಸು. 0.8 ಮಿ.ಮೀ. ತಂತಿಯನ್ನು 3 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ಇದ್ದಿಲಿನ ಮೇಲೆ ಸಣ್ಣ ಗುಳಿಗಳಲ್ಲಿಟ್ಟು ಜ್ವಾಲೆ ಹಿಡಿದರೆ ತುಂಡು ಕರಗಿ, ಮೇಲ್ಮೈ ಎಳೆತದಿಂದ ತಾನೇ ಉಂಡೆಯಾಗುತ್ತದೆ. ಪ್ರತಿ ಗುಂಡಿನ ವ್ಯಾಸ ಸುಮಾರು 1.4 ಮಿ.ಮೀ. ತಂತಿಯ ತುಂಡುಗಳು ಸಮನಾಗಿದ್ದರೆ ಗುಂಡುಗಳೂ ಸಮ. ನನ್ನ ಮನೆಯ ಸುತ್ತಳತೆಗೆ 52 ಗುಂಡುಗಳು ಹಿಡಿಸಿದವು.

ಕಷ್ಟ ಇರುವುದು ಅವುಗಳನ್ನು ಬೆಸೆಯುವಾಗ. ಬಿಳಿಗಾರ ಉಬ್ಬಿದೊಡನೆ ಗುಂಡುಗಳು ಜಾಗ ಬಿಟ್ಟು ಉರುಳುತ್ತವೆ. ಇದಕ್ಕೆ ಪತ್ತಾರರ ಮನೆತನದ ಮದ್ದು ಗುಲಗಂಜಿ. ಒಂದು ಕಾಲಕ್ಕೆ ತಕ್ಕಡಿಯಲ್ಲಿ ತೂಕವಾಗಿದ್ದ ಅದೇ ಕೆಂಪು ಕಪ್ಪು ಬೀಜ. ಸಿಪ್ಪೆ ತೆಗೆದು ನೀರಿನಲ್ಲಿ ತೇಯ್ದರೆ ಅಂಟು ಬರುತ್ತದೆ. ಅದರಿಂದ ಗುಂಡುಗಳನ್ನು ಕೂರಿಸಿ ಒಣಗಿಸಿದರೆ ಬೆಸುಗೆ ಹರಿಯುವವರೆಗೂ ಅಲುಗಾಡುವುದಿಲ್ಲ. ಅಂಟು ಸುಟ್ಟುಹೋಗುವ ಹೊತ್ತಿಗೆ ಬಿಳಿಗಾರ ಗಾಜಾಗಿ ಹಿಡಿದುಕೊಂಡಿರುತ್ತದೆ. ಈ ಬೀಜದ ತಿರುಳು ತೀವ್ರ ವಿಷ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ನಾನು ಶಾಲೆಯಲ್ಲಿ ಬಳಸುವ ಸಾಮಾನ್ಯ ಗೋಂದನ್ನು ತೆಳುಮಾಡಿ ತಾಮ್ರದ ಮೇಲೆ ಪರೀಕ್ಷಿಸಿದೆ. ಜ್ವಾಲೆಯನ್ನು ದೂರದಿಂದ ನಿಧಾನವಾಗಿ ತಂದರೆ ಅದೂ ಸಾಕಾಗುತ್ತದೆ, ಪದಕಕ್ಕೆ ಅದನ್ನೇ ಬಳಸಿದೆ.

ಬೆಸುಗೆಗಳ ಕ್ರಮ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪಟ್ಟಿಯ ಜೋಡಣೆಗೆ ಅತಿ ಹೆಚ್ಚು ಶಾಖದಲ್ಲಿ ಹರಿಯುವ ಬೆಸುಗೆ, ತಳಕ್ಕೆ ಅದಕ್ಕಿಂತ ಕಡಿಮೆಯದು, ಗುಂಡುಗಳಿಗೆ ಮತ್ತು ಕೊಂಡಿಗೆ ಎಲ್ಲಕ್ಕಿಂತ ಕಡಿಮೆಯದು. ಹೀಗಿದ್ದರೆ ಹಿಂದಿನ ಜೋಡಣೆ ಮುಂದಿನ ಬೆಂಕಿಗೆ ಬಿಚ್ಚಿಕೊಳ್ಳುವುದಿಲ್ಲ.

ಕೂರಿಸುವುದು

ಇಷ್ಟು ಬಾರಿ ಬೆಂಕಿ ಕಂಡ 925ರ ಬೆಳ್ಳಿಯಲ್ಲಿ ಬೂದು ನೇರಳೆ ಕಲೆಗಳು ಉಳಿಯುತ್ತವೆ. ಒಳಗಿನ ತಾಮ್ರ ಮೇಲ್ಪದರದ ಕೆಳಗೆ ಆಕ್ಸೈಡ್ ಆಗಿ ನಿಂತಿರುವ ಗುರುತು ಅದು. ಹಿಂಬದಿಯ ಕಲೆಯನ್ನು ಮರಳುಕಾಗದದಿಂದ ತೆಗೆದೆ. ಗುಂಡುಗಳ ಸಂದಿನಲ್ಲಿ ಕಾಗದ ಹೋಗುವುದಿಲ್ಲ, ಅಲ್ಲಿ ಮೆಲ್ಲಗೆ ಬಿಸಿ ಮಾಡಿ ನಿಂಬೆ ಉಪ್ಪಿಗೆ ಹಾಕುವುದನ್ನು ಕೆಲವು ಸಲ ಮಾಡಿದರೆ ಮೇಲೆ ಶುದ್ಧ ಬೆಳ್ಳಿಯ ತೆಳುಪದರ ಉಳಿದು ಬಿಳುಪು ಬರುತ್ತದೆ. ಕೊನೆಗೆ ಅಂಟುವಾಳದ ನೀರು ಮತ್ತು ಹಿತ್ತಾಳೆ ತಂತಿಯ ಬ್ರಷ್. ಇದನ್ನು ಮೀರಿಸುವ ಹೊಳಪು ಯಂತ್ರಕ್ಕೂ ಬರುವುದಿಲ್ಲ ಎಂದು ಪತ್ತಾರರು ಹೇಳುತ್ತಾರೆ, ನನಗೂ ಹಾಗೆಯೇ ಕಾಣುತ್ತದೆ.

ಹರಳು ಬೆಂಕಿಯನ್ನು ಕಾಣುವುದೇ ಇಲ್ಲ, ಎಲ್ಲ ಮುಗಿದ ಮೇಲೆ ಅದರ ಪಾಳಿ. ಪದಕವನ್ನು ರಾಳ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಗಟ್ಟಿಯ ಮೇಲೆ ಅಂಟಿಸಿ, ಹರಳಿಟ್ಟು, ಉಕ್ಕಿನ ಒತ್ತುಗೋಲಿನಿಂದ ಪಟ್ಟಿಯನ್ನು ಒತ್ತಬೇಕು: ಮೊದಲು ಉತ್ತರ, ಆಮೇಲೆ ದಕ್ಷಿಣ, ಪೂರ್ವ, ಪಶ್ಚಿಮ, ನಂತರ ನಡುವಿನ ಮೂಲೆಗಳು. ಒಂದೇ ಕಡೆಯಿಂದ ಸುತ್ತುತ್ತ ಬಂದರೆ ಕೊನೆಯಲ್ಲಿ ಹೆಚ್ಚುವರಿ ಬೆಳ್ಳಿ ಗುಡ್ಡೆಯಾಗುತ್ತದೆ. ವಾಲಿಸಿದ್ದ ಗೋಡೆಯ ಬೆಲೆ ಇಲ್ಲಿ ಕೈಗೇ ಗೊತ್ತಾಯಿತು. ಬೆಳ್ಳಿ ತಡವರಿಸದೆ ಕಲ್ಲಿನ ಮೇಲೆ ಒರಗಿತು, ಎಲ್ಲಿಯೂ ಸುಕ್ಕಿಲ್ಲ. ನಯವಾದ ಉಕ್ಕಿನ ಕಡ್ಡಿಯಿಂದ ಅಂಚನ್ನು ಉಜ್ಜಿ ಮುಗಿಸಿದೆ. ಪದಕವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಉಗುರಿನಿಂದ ಹರಳನ್ನು ತಟ್ಟಿ ನೋಡಿದರು ಪತ್ತಾರರು. ಸದ್ದಿಲ್ಲ.

ಸರವಿಲ್ಲದೆ ತೂಕ ಹತ್ತು ಗ್ರಾಮಿಗೆ ತುಸು ಕಡಿಮೆ, ಅದರಲ್ಲಿ ಅರ್ಧದ ಆಸುಪಾಸು ಬೆಳ್ಳಿ. ಮೇಜಿನ ಕೆಳಗಿನ ತೊಗಲಿನ ಜೋಳಿಗೆಯಲ್ಲಿ ಬಿದ್ದ ಅರದ ಪುಡಿಯನ್ನು ಅಯಸ್ಕಾಂತದಿಂದ ಕಬ್ಬಿಣ ತೆಗೆದು ಡಬ್ಬಿಗೆ ತುಂಬಿದ್ದೇನೆ; ಸಾಕಷ್ಟು ಸೇರಿದ ಮೇಲೆ ಮೂಸೆಯಲ್ಲಿ ಕರಗಿಸುವ ಪಾಠವಿದೆ.

ತಾಮ್ರದಲ್ಲಿ ಕಟ್ಟಿದ್ದ ಅಭ್ಯಾಸದ ಮನೆಯನ್ನು ಪತ್ತಾರರು ನನ್ನ ಕೈಯಲ್ಲಿ ಮಿಸ್ತ್ರಿಗೆ ಕಳಿಸಿದರು. ಅದು ಈಗ ಶೆಡ್ಡಿನಲ್ಲಿ 220ರ ಚಕ್ರದ ಪಕ್ಕ ಮೊಳೆಗೆ ತೂಗುಬಿದ್ದಿದೆ, ಹರಳಿನ ಬುಡ ಸರಿಯಾಗಿದೆಯೇ ಎಂದು ಹೊಸಬರು ಅದರಲ್ಲಿಟ್ಟು ನೋಡುತ್ತಾರೆ. ಗದಗಿನ ಹುಡುಗನ ಕೆಂಪು ಕಲ್ಲು 30ಕ್ಕೆ 40 ಮಿ.ಮೀ. ಅಳತೆಗೆ ಇಳಿಯುತ್ತಿದೆ. ಅವನಿಗೆ ಬೇಕಾಗುವ ಪಟ್ಟಿಯ ಉದ್ದ ಸುಮಾರು 111 ಮಿ.ಮೀ., ಕತ್ತರಿಸುವುದು 113ಕ್ಕೆ.